ಕೆಂಪು ಗುರಾಣಿ ಎಲ್ಲಿ ಹೋಯ್ತು? ಜಾಹೀರಾತು ತಡೆಯನ್ನು ಮತ್ತೆ ಹಾಕಿಕೊಳ್ಳುವುದು ಹೀಗೆ

ಗುಬ್ಬಿಯಲ್ಲಿ ನಮ್ಮ ಭಾವನದೊಂದು ಜೆರಾಕ್ಸ್ ಅಂಗಡಿ ಇದೆ. ಜೆರಾಕ್ಸ್ ಅನ್ನೋದು ಹೆಸರಿಗೆ ಅಷ್ಟೇ. ಪಹಣಿ, ಸ್ಕಾಲರ್‌ಶಿಪ್ ಅರ್ಜಿ, ಬಸ್ ಟಿಕೆಟ್, ತಿಪಟೂರಿನ ಕೊಬ್ಬರಿ ರೇಟು, ಎಲ್ಲಕ್ಕೂ ಜನ ಅಲ್ಲಿಗೇ ಬರುತ್ತಾರೆ. ಮೊನ್ನೆ ಫೋನ್ ಮಾಡಿದರು. "ನೀನು ಕಂಪ್ಯೂಟರಿಗೆ ಹಾಕಿಕೊಟ್ಟಿದ್ದೆಯಲ್ಲ, ಕೆಂಪು ಗುರಾಣಿ ಥರದ್ದು, ಅದು ಕಾಣ್ತಾ ಇಲ್ಲ ಕಣಯ್ಯ. ಎಲ್ಲಿ ನೋಡಿದ್ರೂ ಬರೀ ಜಾಹೀರಾತು."

ಅಷ್ಟರಲ್ಲಿ ಒಂದು ಎಡವಟ್ಟೂ ಆಗಿತ್ತು. ಪಿಯುಸಿ ಹುಡುಗನೊಬ್ಬನ ಫೋಟೋವನ್ನು 50 ಕೆಬಿಗೆ ಇಳಿಸಬೇಕಿತ್ತು. ಅದಕ್ಕೆಂದು ತೆರೆದ ಸೈಟಿನಲ್ಲಿ 'ಡೌನ್‌ಲೋಡ್' ಬಟನ್ ಮೂರು ಇದ್ದವು. ಎರಡು ದೊಡ್ಡವು, ಹಸಿರು. ಮೂರನೆಯದು ಮೂಲೆಯಲ್ಲಿ, ಬೂದು ಬಣ್ಣದ ಚಿಕ್ಕ ಅಕ್ಷರದಲ್ಲಿ. ಫೋಟೋ ಇದ್ದದ್ದು ಆ ಮೂರನೆಯದರಲ್ಲಿ. ಭಾವ ಒತ್ತಿದ್ದು ಮೊದಲನೆಯದನ್ನು. ಆಮೇಲೆ ಏನೋ ಕೇಳಿತಂತೆ, 'ಅಲೋ' (Allow, ಅಂದರೆ ಅನುಮತಿ ಕೊಡು) ಅಂತ ಒತ್ತಿದರಂತೆ. ಅವತ್ತಿನಿಂದ ಪರದೆಯ ಮೂಲೆಯಲ್ಲಿ 'ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ' ಎಂಬ ಚೀಟಿ ಜಿಗಿಯುತ್ತಲೇ ಇತ್ತು.

ನಿಮ್ಮಲ್ಲೂ ಹೀಗೇ ಆಗಿದ್ದರೆ, ಕಂಪ್ಯೂಟರ್ ಕೆಟ್ಟಿಲ್ಲ. ನಿಯಮ ಬದಲಾಗಿದೆ. ಆ ಕೆಂಪು ಗುರಾಣಿ ಅಂದರೆ ಯುಬ್ಲಾಕ್ ಒರಿಜಿನ್, ಗೂಗಲ್‌ನ ಕ್ರೋಮ್ ಬ್ರೌಸರಿಗೆ ಸೇರಿಸಿಕೊಳ್ಳುತ್ತಿದ್ದ, ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಎಂಬ ಚಿಕ್ಕ ಪ್ರೋಗ್ರಾಂ.

ಆಗಿದ್ದೇನು?

ಬ್ರೌಸರಿಗೆ ನಾವು ಸೇರಿಸಿಕೊಳ್ಳುವ ಪ್ರತಿ ಎಕ್ಸ್‌ಟೆನ್ಶನ್ ಒಳಗೂ ಮ್ಯಾನಿಫೆಸ್ಟ್ ಎಂಬ ಚಿಕ್ಕ ಫೈಲ್ ಇರುತ್ತದೆ. ತಾನು ಯಾವ ನಿಯಮದ ಪ್ರಕಾರ ನಡೆಯುತ್ತೇನೆ ಅಂತ ಅದು ಒಂದು ನಂಬರ್ ಹೇಳುತ್ತದೆ. ಹಳೆಯದು 2, ಹೊಸದು 3. ಗೂಗಲ್ ಹೊಸ ನಿಯಮದ ಕರಡನ್ನು 2018ರ ಕೊನೆಯಲ್ಲೇ ಮುಂದಿಟ್ಟಿತ್ತು. 2021ರ ಜನವರಿಯಲ್ಲಿ ಕ್ರೋಮ್ 88 ಜೊತೆ ಅದು ಬಂತು. 2024ರ ಜೂನ್‌ನಿಂದ ಹಳೆಯ ಎಕ್ಸ್‌ಟೆನ್ಶನ್‌ಗಳ ಮೇಲೆ ಎಚ್ಚರಿಕೆ ಕಾಣಿಸತೊಡಗಿತು. ಆ ವರ್ಷದ ಅಕ್ಟೋಬರ್‌ನಿಂದ ಹಂತ ಹಂತವಾಗಿ ಅವನ್ನು ಆಫ್ ಮಾಡುತ್ತಾ ಹೋದರು. 2025ರಲ್ಲಿ ಕ್ರೋಮ್ 139 ಬಂದಾಗ, ಕಂಪನಿಗಳಿಗೆಂದು ಬಿಟ್ಟಿದ್ದ ಕಿಂಡಿಯೂ ಮುಚ್ಚಿತು. ಕೆಂಪು ಗುರಾಣಿಯ ಯುಬ್ಲಾಕ್ ಒರಿಜಿನ್ ಕ್ರೋಮ್‌ನಿಂದ ಹೋಗಿದ್ದು ಹೀಗೆ.

ವ್ಯತ್ಯಾಸ ಏನು ಅಂದರೆ, ಮೊರಕ್ಕೂ ಜರಡಿಗೂ ಇರುವಷ್ಟು. ಹಳೆಯ ನಿಯಮದಲ್ಲಿ ಎಕ್ಸ್‌ಟೆನ್ಶನ್ ಮೊರದಲ್ಲಿ ಅಕ್ಕಿ ಆರಿಸಿದ ಹಾಗೆ ಕೆಲಸ ಮಾಡುತ್ತಿತ್ತು. ಪುಟ ಏನೇನು ತರಿಸಿಕೊಳ್ಳುತ್ತದೋ ಅದನ್ನೆಲ್ಲ ಒಂದೊಂದಾಗಿ ನೋಡಿ, ಇದು ಕಲ್ಲು, ಇದು ಕಾಳು ಅಂತ ಅಲ್ಲೇ ತೀರ್ಮಾನ ಮಾಡುತ್ತಿತ್ತು. ಹೊಸ ನಿಯಮದಲ್ಲಿ ಅದು ಮೊದಲೇ ಒಂದು ಪಟ್ಟಿ ಕೊಟ್ಟು ಕೈಕಟ್ಟಿ ಕೂರಬೇಕು. ಜರಡಿ ಹಿಡಿಯುವುದು ಬ್ರೌಸರ್. ಅಕ್ಕಿಯಷ್ಟೇ ಗಾತ್ರದ ಕಲ್ಲು ಬಂದರೆ ಸಲೀಸಾಗಿ ಇಳಿದುಹೋಗುತ್ತದೆ.

ಪಟ್ಟಿಗೂ ಮಿತಿ ಇದೆ. ಒಂದು ಎಕ್ಸ್‌ಟೆನ್ಶನ್‌ಗೆ ಖಾತ್ರಿಯಾಗಿ ಸಿಗುವುದು ತಡೆಯುವ ಸೂಚನೆಗಳ 30,000 ಸಾಲು. ಜಾಗ ಖಾಲಿ ಇದ್ದರೆ ಇನ್ನಷ್ಟು ಸಿಗುತ್ತದೆ. ಆದರೆ ಜಾಹೀರಾತು ತಡೆಯುವವರೆಲ್ಲ ಬಳಸುವ ಈಸಿಲಿಸ್ಟ್ ಎಂಬ ಒಂದೇ ಪಟ್ಟಿಯಲ್ಲಿ ಅದಕ್ಕಿಂತ ಜಾಸ್ತಿ ಸಾಲುಗಳಿವೆ.

ಇದೆಲ್ಲ ಸುರಕ್ಷತೆಗಾಗಿ ಅನ್ನುತ್ತದೆ ಗೂಗಲ್. ಪೂರ್ತಿ ಸುಳ್ಳೇನಲ್ಲ. ಹೊರಗಿನಿಂದ ಕೋಡ್ ತರಿಸಿ ಓಡಿಸುವುದನ್ನು ಹೊಸ ನಿಯಮ ನಿಲ್ಲಿಸಿದೆ, ಅದು ಒಳ್ಳೆಯದೇ. ಆದರೆ ಅನುಮತಿ ಪಡೆದ ಎಕ್ಸ್‌ಟೆನ್ಶನ್ ನೀವು ಎಲ್ಲೆಲ್ಲಿ ಹೋಗುತ್ತೀರಿ ಅನ್ನೋದನ್ನು ಈಗಲೂ ನೋಡಬಹುದು. ನೋಡಲು ಬಿಟ್ಟು, ತಡೆಯುವ ಕೈ ಮಾತ್ರ ಕಟ್ಟಿದರೆ ಅದೆಂಥ ಸುರಕ್ಷತೆ? ಗೂಗಲ್‌ನ ಆದಾಯದ ದೊಡ್ಡ ಪಾಲು ಜಾಹೀರಾತಿನಿಂದಲೇ ಬರುತ್ತದೆ ಅನ್ನೋದನ್ನೂ ಪಕ್ಕದಲ್ಲಿಟ್ಟು ನೋಡಿ.

ಮೊದಲು ಕಸ ಗುಡಿಸಿ

ಜಿಗಿಯುವ ಚೀಟಿಗಳು ವೈರಸ್ ಅಲ್ಲ. ಯಾವುದೋ ಸೈಟಿಗೆ ನೋಟಿಫಿಕೇಶನ್ ಕಳಿಸಲು ನಾವೇ ಕೊಟ್ಟ ಅನುಮತಿ. ಕ್ರೋಮ್‌ನಲ್ಲಿ ಮೇಲಿನ ಬಲಮೂಲೆಯ ಮೂರು ಚುಕ್ಕಿ ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ. ಪ್ರೈವಸಿ ಅಂಡ್ ಸೆಕ್ಯುರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್. ಅನುಮತಿ ಇರುವ ಪಟ್ಟಿಯಲ್ಲಿ ಗುರುತಿಲ್ಲದ ಹೆಸರುಗಳನ್ನೆಲ್ಲ ತೆಗೆದುಹಾಕಿ. ಭಾವನ ಪಟ್ಟಿಯಲ್ಲಿ ಹನ್ನೊಂದು ಸಿಕ್ಕವು. ಅವತ್ತು ಇಳಿದ ಫೈಲ್ ಡೌನ್‌ಲೋಡ್ಸ್ ಫೋಲ್ಡರಿನಲ್ಲಿದ್ದರೆ ಅದನ್ನೂ ಅಳಿಸಿ. ತೆರೆದು ನೋಡುವ ಕುತೂಹಲ ಬೇಡ.

ಕ್ರೋಮ್ ಬಿಡಲು ಮನಸ್ಸಿಲ್ಲದಿದ್ದರೆ

ಕ್ರೋಮ್ ವೆಬ್ ಸ್ಟೋರಿನಲ್ಲಿ ಯುಬ್ಲಾಕ್ ಒರಿಜಿನ್ ಲೈಟ್ ಹುಡುಕಿ. ಹೊಸ ನಿಯಮಕ್ಕೆಂದೇ ಮಾಡಿದ್ದು. ಮಾಡಿದವರು ಹಳೆಯದನ್ನು ಮಾಡಿದ ರೇಮಂಡ್ ಹಿಲ್ ಅವರೇ. ಆ ಹೆಸರು ಇದೆಯೇ ಅಂತ ನೋಡಿಕೊಂಡೇ ಸೇರಿಸಿ. 'ಒರಿಜಿನ್' ಇಲ್ಲದ ಬರೀ 'ಯುಬ್ಲಾಕ್' ಬೇರೆಯವರದ್ದು.

ಸೇರಿಸಿದ ಮೇಲೆ ಅದರ ಗುರುತನ್ನು ಒತ್ತಿದರೆ ಬೇಸಿಕ್, ಆಪ್ಟಿಮಲ್, ಕಂಪ್ಲೀಟ್ ಎಂಬ ಹಂತಗಳು ಕಾಣುತ್ತವೆ. ಆಪ್ಟಿಮಲ್ ಸಾಕು. ಸುದ್ದಿ ಓದೋದು, ರೇಟು ನೋಡೋದು, ಅರ್ಜಿ ತುಂಬೋದು ಇಷ್ಟೇ ನಿಮ್ಮ ಕೆಲಸ ಆದರೆ ಹಳೆಯದಕ್ಕೂ ಇದಕ್ಕೂ ವ್ಯತ್ಯಾಸ ಗೊತ್ತಾಗುವುದೇ ಕಡಿಮೆ. ಗೊತ್ತಾಗುವುದು ಸೈಟಿನವರು ದಿನಕ್ಕೊಂದು ಉಪಾಯ ಹೂಡುವ ಕಡೆ. ಲೈಟ್‌ನ ಪಟ್ಟಿ ಹೊಸದಾಗಬೇಕಾದರೆ ಇಡೀ ಎಕ್ಸ್‌ಟೆನ್ಶನ್ ಅಪ್‌ಡೇಟ್ ಆಗಬೇಕು. ಹಳೆಯದು ಪಟ್ಟಿಯನ್ನಷ್ಟೇ ತಾನೇ ತರಿಸಿಕೊಳ್ಳುತ್ತಿತ್ತು.

ಮೊರವೇ ಬೇಕು ಅನ್ನುವವರಿಗೆ ಫೈರ್‌ಫಾಕ್ಸ್

ನಾನು ಭಾವನಿಗೆ ಹೇಳಿದ್ದು ಇದನ್ನೇ. ಫೈರ್‌ಫಾಕ್ಸ್ ಎಂಬ ಬ್ರೌಸರ್ 2023ರ ಜನವರಿಯಲ್ಲಿ, 109ನೇ ಆವೃತ್ತಿಯಿಂದ, ಹೊಸ ನಿಯಮವನ್ನೂ ಒಪ್ಪಿಕೊಂಡಿದೆ. ಆದರೆ ತಡೆಯುವ ಹಳೆಯ ದಾರಿಯನ್ನು ಕಿತ್ತುಹಾಕಿಲ್ಲ. ಹಾಗಾಗಿ ಪೂರ್ತಿ ಯುಬ್ಲಾಕ್ ಒರಿಜಿನ್ ಅಲ್ಲಿ ನಡೆಯುತ್ತದೆ.

ಇಳಿಸಿಕೊಳ್ಳುವಾಗ ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದ ಸೈಟಿಗೇ ನೇರ ಹೋಗಿ. ಹುಡುಕಾಟದಲ್ಲಿ ಮೊದಲು ಬರುವುದು ಜಾಹೀರಾತೂ ಆಗಿರಬಹುದು. ಹಸಿರು ಬಟನ್ ಕಥೆ ನೆನಪಿದೆ ಅಲ್ವಾ? ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಇಂಪೋರ್ಟ್ ಡೇಟಾ ಎಂಬುದನ್ನು ಒತ್ತಿ ಕ್ರೋಮ್ ಆರಿಸಿಕೊಂಡರೆ ಬುಕ್‌ಮಾರ್ಕ್‌ಗಳು ಬರುತ್ತವೆ. ಪಾಸ್‌ವರ್ಡ್ ಬರದಿದ್ದರೆ ಕ್ರೋಮ್‌ನ ಪಾಸ್‌ವರ್ಡ್ ಮ್ಯಾನೇಜರಿನಿಂದ ಎಕ್ಸ್‌ಪೋರ್ಟ್ ಮಾಡಿ, ಆ ಸಿಎಸ್‌ವಿ ಫೈಲನ್ನು ಇಲ್ಲಿ ಕೊಡಿ. ಕೆಲಸ ಮುಗಿದ ಕೂಡಲೇ ಆ ಫೈಲ್ ಅಳಿಸಿ, ರಿಸೈಕಲ್ ಬಿನ್ನಿಂದಲೂ ತೆಗೆಯಿರಿ. ಅದರಲ್ಲಿ ನಿಮ್ಮ ಎಲ್ಲ ಪಾಸ್‌ವರ್ಡ್‌ಗಳೂ ಯಾರು ಬೇಕಾದರೂ ಓದುವ ಹಾಗೆ ಇರುತ್ತವೆ. ಹತ್ತು ಜನ ಬಂದು ಹೋಗುವ ಅಂಗಡಿಯಲ್ಲಂತೂ ಇದನ್ನು ಮರೆಯಬಾರದು.

ಕ್ರೋಮ್ ಅನ್ನು ತೆಗೆದುಹಾಕಬೇಡಿ. ಕೆಲವು ಸೈಟ್‌ಗಳು 'ಕ್ರೋಮ್‌ನಲ್ಲೇ ತೆರೆಯಿರಿ' ಅಂತ ಹಟ ಹಿಡಿಯುತ್ತವೆ. ಅವುಗಳಿಗೆ ಇರಲಿ.

ಎಡ್ಜ್, ಒಪೆರಾ, ವಿವಾಲ್ಡಿ, ಬ್ರೇವ್ ಬ್ರೌಸರ್‌ಗಳೆಲ್ಲವೂ ಕ್ರೋಮ್ ನಿಂತಿರುವ ಕ್ರೋಮಿಯಂ ತಳಪಾಯದ ಮೇಲೇ ನಿಂತಿವೆ. ಇವುಗಳಲ್ಲಿ ಬ್ರೇವ್ ನನಗೆ ಇಷ್ಟ. ತಡೆಯುವ ಕೆಲಸ ಅದರ ಹೊಟ್ಟೆಯೊಳಗೇ ಇರುವುದರಿಂದ ಎಕ್ಸ್‌ಟೆನ್ಶನ್ ನಿಯಮ ಅದಕ್ಕೆ ತಟ್ಟುವುದಿಲ್ಲ.

ಒಂದು ವಿನಂತಿ. ನೀವು ದಿನಾ ಓದುವ ಪತ್ರಿಕೆಯ ಸೈಟ್ ತೆರೆದಾಗ ಯುಬ್ಲಾಕ್ ಒರಿಜಿನ್‌ನ ಗುರಾಣಿ ಒತ್ತಿ, ಅದರ ದೊಡ್ಡ ಪವರ್ ಬಟನ್ ಆಫ್ ಮಾಡಿ. ಆ ಸೈಟಿಗೆ ಮಾತ್ರ ಜಾಹೀರಾತು ಬರುತ್ತದೆ. ಈ ಪುರವಣಿ ಅಚ್ಚಾಗುವುದೂ ಜಾಹೀರಾತಿನ ದುಡ್ಡಿನಲ್ಲೇ, ನನಗೂ ಸ್ವಾರ್ಥ ಇದೆ.

ಫೋನಿನಲ್ಲಿ?

ಆಂಡ್ರಾಯ್ಡ್ ಫೋನಿನ ಕ್ರೋಮ್‌ಗೆ ಎಕ್ಸ್‌ಟೆನ್ಶನ್ ಸೇರಿಸಲು ಬರುವುದೇ ಇಲ್ಲ. ಫೈರ್‌ಫಾಕ್ಸ್‌ಗೆ ಬರುತ್ತದೆ, ಅದರಲ್ಲಿ ಯುಬ್ಲಾಕ್ ಒರಿಜಿನ್ ಹಾಕಿಕೊಳ್ಳಬಹುದು. ಐಫೋನ್‌ನಲ್ಲಿ ಫೈರ್‌ಫಾಕ್ಸ್‌ಗೂ ಆ ಸೌಲಭ್ಯ ಇಲ್ಲ, ಸಫಾರಿಗೆ ಹೊಂದುವ ತಡೆ ಆ್ಯಪ್‌ಗಳನ್ನೇ ನೋಡಬೇಕು. ಇನ್ನು ಆ್ಯಪ್ ಒಳಗೆ ಬರುವ ಜಾಹೀರಾತುಗಳ ತಂಟೆಗೆ ಇವ್ಯಾವೂ ಹೋಗುವುದಿಲ್ಲ. ಇದನ್ನು ಹೇಳಿದಾಗ ಭಾವ ತಮ್ಮ ಫೋನ್ ನೋಡಿಕೊಂಡರು. ಯೂಟ್ಯೂಬ್ ಆ್ಯಪಿನಲ್ಲಿ ಹರಿಕಥೆ ಇಟ್ಟಿದ್ದರು. ನಡುವೆ ಅಡುಗೆ ಎಣ್ಣೆಯದೊಂದು ಓಡುತ್ತಿತ್ತು. "ಇದಕ್ಕೆ?" ಅಂದರು. ಬ್ರೌಸರಿನಲ್ಲಿ ತೆರೆದುಕೊಳ್ಳಿ ಅಂದೆ.