ಕೀನ್ಯಾದಲ್ಲಿ ಬೆಟ್ಟಿಂಗ್: ಗೆದ್ದರೂ ದುಡ್ಡು ಕಡಿಮೆ ಬರುವುದೇಕೆ

ಕೀನ್ಯಾದಲ್ಲಿ ಬೆಟ್ಟಿಂಗ್ ಕದ್ದುಮುಚ್ಚಿ ನಡೆಯುವ ದಂಧೆಯಲ್ಲ. 1966ರ ಕಾಯ್ದೆಯ ಕಾಲದಿಂದಲೂ ಪರವಾನಗಿ ಪಡೆದವರು ರಾಜಾರೋಷವಾಗಿ ನಡೆಸುತ್ತಾರೆ. 2025ರ ಆಗಸ್ಟ್‌ನಲ್ಲಿ ಅದರ ಜಾಗಕ್ಕೆ ಹೊಸ ಜೂಜು ನಿಯಂತ್ರಣ ಕಾಯ್ದೆ ಬಂತು. ಆಡಲು 18 ತುಂಬಿರಬೇಕು.

ನೀವು ಕೀನ್ಯಾದಲ್ಲಿರುವ ಕನ್ನಡಿಗರಾದರೆ, ಬೆಟ್ಟಿಂಗ್ ಖಾತೆ ಎಂದರೆ ಇಲ್ಲಿ ನಿಮ್ಮ ಮೊಬೈಲ್ ನಂಬರೇ. ಸಿಮ್ ನಿಮ್ಮ ಪಾಸ್‌ಪೋರ್ಟ್ ಮೇಲೆ ನಿಮ್ಮದೇ ಹೆಸರಿನಲ್ಲಿರಲಿ. ಗೆದ್ದ ಹಣ ನೋಂದಾಯಿಸಿದ ನಂಬರಿಗೇ ಬರುವುದರಿಂದ, ಗೆಳೆಯನ ಸಿಮ್‌ನಲ್ಲಿ ಆಡಿದರೆ ಹಣ ಅವನದು. ಹಣ ಹಾಕುವುದು ಫೋನ್ ಕಂಪನಿ ಸಫಾರಿಕಾಂನ ಮೊಬೈಲ್ ಹಣ ಸೇವೆಯಾದ ಎಂ-ಪೆಸಾದಿಂದ: ಮೆನುವಿನಲ್ಲಿ ‘ಲಿಪಾ ನಾ ಎಂ-ಪೆಸಾ’ (ಎಂ-ಪೆಸಾದಿಂದ ಪಾವತಿ), ಪೇಬಿಲ್ (ಕಂಪನಿಗಳಿಗೆ ಹಣ ಕಟ್ಟುವ ದಾರಿ), ಆಮೇಲೆ ಕಂಪನಿಯ ನಂಬರು, ಖಾತೆ, ಮೊತ್ತ, ಪಿನ್. ಬಂದ ಎಸ್ಸೆಮ್ಮೆಸ್ಸನ್ನು ಅಳಿಸಬೇಡಿ. ಹಣ ವ್ಯಾಲೆಟ್ಟಿಗೆ (ಬೆಟ್ಟಿಂಗ್ ಕಂಪನಿಯಲ್ಲಿರುವ ನಿಮ್ಮ ಖಾತೆಗೆ) ಸೇರದಿದ್ದರೆ ಅದರಲ್ಲಿರುವ ವಹಿವಾಟಿನ ಕೋಡೇ ನಿಮ್ಮ ಪುರಾವೆ.

ಹೆಚ್ಚಿನವರು ಎಡವುವುದು ತೆರಿಗೆಯಲ್ಲಿ. 2025ರ ಜುಲೈ 1ಕ್ಕೆ ಮುಂಚೆ ಬಾಜಿಯ ಮೇಲೆ 15% ಅಬಕಾರಿ ಸುಂಕ, ಗೆಲುವಿನ ಮೇಲೆ 20% ಕಡಿತ ಇತ್ತು. ಈಗ ವ್ಯಾಲೆಟ್ಟಿಗೆ ಹಾಕುವಾಗ 5%, ತೆಗೆಯುವಾಗ ಮತ್ತೆ 5%. ಕೇಳಲು ಹಗುರ, ಆದರೆ ಎರಡನೆಯದು ಲಾಭದ ಮೇಲಷ್ಟೇ ಅಲ್ಲ, ತೆಗೆದ ಇಡೀ ಮೊತ್ತದ ಮೇಲೆ. 1,000 ಶಿಲಿಂಗ್ ಹಾಕಿದರೆ ಆಡಲು ಸಿಗುವುದು 950. ಏನೂ ಆಡದೆ ವಾಪಸ್ ತೆಗೆದರೂ 902.50 ಮಾತ್ರ. ‘ಖಂಡಿತ ಗೆಲ್ಲುತ್ತೆ’ ಎಂದು 1.10 ಆಡ್ಸ್‌ನ (ಗೆದ್ದರೆ ಕಟ್ಟಿದ್ದರ 1.10 ಪಟ್ಟು ಸಿಗುವ) ತಂಡಕ್ಕೆ ಕಟ್ಟಿ ಗೆದ್ದಿರಿ ಎನ್ನಿ: 1,045 ಆಯಿತು, 5% ಹೋಗಿ ಕೈಗೆ 992.75. ಗೆದ್ದೂ ಏಳು ಶಿಲಿಂಗ್ ನಷ್ಟ! ಒಂದೇ ಬಾಜಿಯಾದರೆ ಆಡ್ಸ್ ಸುಮಾರು 1.11 ದಾಟುವವರೆಗೆ ಅಸಲೂ ಹುಟ್ಟುವುದಿಲ್ಲ.

ಹಾಗೆಂದು ತೆರಿಗೆ ಉಳಿಸಲು ಹಣವನ್ನು ವ್ಯಾಲೆಟ್ಟಿನಲ್ಲೇ ಬಿಟ್ಟು ಮತ್ತೆ ಮತ್ತೆ ಆಡುವುದೂ ಜಾಣತನವಲ್ಲ. ಪ್ರತಿ ಆಡ್ಸ್‌ನಲ್ಲೂ ಕಂಪನಿಯ ಪಾಲು ಮೊದಲೇ ಸೇರಿರುತ್ತದೆ. ಅಲ್ಲದೆ ವ್ಯಾಲೆಟ್ ಬ್ಯಾಂಕ್ ಅಲ್ಲ. 2019ರ ಜುಲೈನಲ್ಲಿ ಪರವಾನಗಿ ನವೀಕರಣವಾಗದ 27 ಕಂಪನಿಗಳ ಪೇಬಿಲ್ ನಿಲ್ಲಿಸುವಂತೆ ಸರ್ಕಾರವೇ ಸಫಾರಿಕಾಂಗೆ ಸೂಚಿಸಿತ್ತು. ಪರವಾನಗಿ ಚಾಲ್ತಿಯಲ್ಲಿದೆಯೇ ಎಂದು ನಿಯಂತ್ರಕರ ಪಟ್ಟಿಯಲ್ಲಿ ನೋಡಿಯೇ ಹಣ ಹಾಕಿ.

ಇನ್ನೊಂದು ಗೊಂದಲ: ಗೆದ್ದ ಹಣ ಎಂ-ಪೆಸಾಗೆ ಬಂದಿರುತ್ತದೆ, ಆದರೆ ಬ್ಯಾಲೆನ್ಸ್ ಕಡಿಮೆ. ಕಂಪನಿಗೆ ಫೋನ್ ಮಾಡುವ ಮುಂಚೆ ಫುಲಿಜಾ (ಎಂ-ಪೆಸಾದ ಓವರ್‌ಡ್ರಾಫ್ಟ್ ಸಾಲ) ಬಾಕಿ ನೋಡಿಕೊಳ್ಳಿ. ಆ ಓವರ್‌ಡ್ರಾಫ್ಟ್ ಬಾಕಿಯಿದ್ದರೆ ಒಳಬಂದ ಹಣ ಮೊದಲು ಅಲ್ಲಿಗೇ ಜಮೆಯಾಗುತ್ತದೆ.

ಬೆಂಗಳೂರಿನಲ್ಲಿರುವ ಮನೆಯವರಿಂದ ಇದಕ್ಕೆಂದು ಹಣ ತರಿಸಬೇಡಿ. ಲಾಟರಿ ಟಿಕೆಟ್, ಫುಟ್‌ಬಾಲ್ ಪೂಲ್, ಸ್ವೀಪ್‌ಸ್ಟೇಕ್‌ಗಳಿಗೆ ಭಾರತದಿಂದ ವಿದೇಶಕ್ಕೆ ಹಣ ಕಳಿಸುವುದು ಫೆಮಾ (ಭಾರತದ ವಿದೇಶಿ ವಿನಿಮಯ ಕಾಯ್ದೆ) ನಿಯಮದಲ್ಲಿ ನಿಷಿದ್ಧ. ‘ಮನೆ ಖರ್ಚಿಗೆ’ ಎಂದು ಸುಳ್ಳು ಉದ್ದೇಶ ಬರೆಸಿ ಕಳಿಸಿದರೆ, ಸಿಕ್ಕಿಬೀಳುವುದು ಕಳಿಸಿದವರು.