ಗ್ರಂಥಾಲಯ ವಿಜ್ಞಾನದಲ್ಲಿ ಪಿಎಚ್‌ಡಿ: ವಿಷಯ ಆರಿಸುವುದು ಹೇಗೆ?

ಕಲೀನಾದ ಮುಂಬಯಿ ವಿಶ್ವವಿದ್ಯಾಲಯದಲ್ಲೋ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದಲ್ಲೋ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದ ಪಿಎಚ್‌ಡಿಗೆ ಹೊರಟ ನಮ್ಮ ಹುಡುಗ ಹುಡುಗಿಯರು ಎಡವುವುದು ಹೆಚ್ಚಾಗಿ ಒಂದೇ ಕಡೆ. ‘ಕಾಲೇಜು ಗ್ರಂಥಾಲಯಗಳಲ್ಲಿ ಇ-ಸಂಪನ್ಮೂಲಗಳ ಬಳಕೆ’ ಅಂತ ಬರೆದು, ಪಕ್ಕದಲ್ಲಿ ಒಂದು ಜಿಲ್ಲೆಯ ಹೆಸರು ಸೇರಿಸಿ, ವಿಷಯ ಸಿಕ್ಕಿತು ಅಂದುಕೊಳ್ಳುತ್ತಾರೆ. ಅದರಲ್ಲಿ ಪ್ರಶ್ನೆಯೇ ಇರುವುದಿಲ್ಲ.

ಮೊದಲು ಒಂದು ಕ್ಷೇತ್ರ ಹಿಡಿಯಿರಿ. ಡಿಜಿಟೈಸೇಶನ್, ಕ್ಯಾಟಲಾಗಿಂಗ್ (ಪುಸ್ತಕಗಳ ವಿವರ ಪಟ್ಟಿ ಮಾಡುವುದು), ಓದುಗರ ಹುಡುಕಾಟ, ನಿಮಗೆ ಇಷ್ಟವಾದದ್ದು.

ಆಮೇಲೆ ಶೋಧಗಂಗಾ ಜಾಲತಾಣ ತೆರೆಯಿರಿ, ಅಲ್ಲಿ ಭಾರತದ ವಿಶ್ವವಿದ್ಯಾಲಯಗಳ ಮುಗಿದ ಪಿಎಚ್‌ಡಿ ಪ್ರಬಂಧಗಳಿವೆ. ಅದರ ಜೊತೆಯ ಶೋಧಗಂಗೋತ್ರಿ ತಾಣದಲ್ಲಿ ಇನ್ನೂ ನಡೆಯುತ್ತಿರುವ ಸಂಶೋಧನೆಗಳ ಸಿನಾಪ್ಸಿಸ್, ಅಂದರೆ ಸಂಶೋಧನೆಯ ರೂಪುರೇಷೆಗಳು ಸಿಗುತ್ತವೆ. ಪ್ರಬಂಧದ ಶೀರ್ಷಿಕೆ ನೋಡಿ ಮುಚ್ಚಬೇಡಿ, ಕೊನೆಯ ಅಧ್ಯಾಯ ಓದಿ. ಮುಂದೆ ಏನು ಮಾಡಬಹುದು ಅಂತ ಸಾಮಾನ್ಯವಾಗಿ ಅಲ್ಲೇ ಬರೆದಿರುತ್ತಾರೆ.

ಈಗ ಕಷ್ಟದ ಕೆಲಸ: ಕಿರಿದು ಮಾಡುವುದು. ‘ಮುಂಬಯಿ ಕನ್ನಡಿಗರ ದಾಖಲೆಗಳು’ ಅಂದರೆ ಸಮುದ್ರ, ದಡ ಸಿಗುವುದಿಲ್ಲ. ಅದರಲ್ಲಿ ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳನ್ನು ಮಾತ್ರ ತೆಗೆದುಕೊಳ್ಳಿ. ಇನ್ನೂ ಕತ್ತರಿಸಿ, ಮಾಟುಂಗ ಮಾಹಿಮ್ ಕಡೆಯ ಹಳೆಯ ಸಂಘಗಳಷ್ಟೇ ಸಾಕು. ಈಗ ಕೇಳಿ: ಈ ಸಂಚಿಕೆಗಳು ಯಾರ ಕಪಾಟಿನಲ್ಲಿವೆ? ಯಾವುದಾದರೂ ಕ್ಯಾಟಲಾಗಿನಲ್ಲಿ ಸೇರಿವೆಯಾ? ಶೆಟ್ಟಿ ಅನ್ನುವುದನ್ನೇ ಇಂಗ್ಲಿಷಿನಲ್ಲಿ ಒಬ್ಬರು ಐ ಹಾಕಿ, ಇನ್ನೊಬ್ಬರು ವೈ ಹಾಕಿ ಬರೆಯುತ್ತಾರಲ್ವಾ, ಹಾಗಿರುವಾಗ ಲೇಖಕರ ಹೆಸರು ಹಾಕಿ ಹುಡುಕಿದವರಿಗೆ ಪುಸ್ತಕ ಸಿಗುವಂತೆ ಮಾಡುವುದು ಹೇಗೆ? ಇಲ್ಲಿ ನಿಜವಾದ ಪ್ರಶ್ನೆ ಹುಟ್ಟಿತು, ಮಾಹಿತಿ ವಿಜ್ಞಾನಕ್ಕೆ ಸೇರಿದ ಪ್ರಶ್ನೆ. ಸಂಘಗಳ ಇತಿಹಾಸ ಬರೆಯಲು ಕೂತರೆ ಅದು ಬೇರೆ ವಿಭಾಗದ ಕೆಲಸವಾಗುತ್ತದೆ, ಈ ಗೆರೆ ಮರೆಯಬೇಡಿ.

ಸಾಮಗ್ರಿ ಕೈಗೆ ಸಿಗುತ್ತದಾ ಅಂತ ನೋಂದಣಿಗೆ ಮೊದಲೇ ಹೋಗಿ ನೋಡಿ, ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ. ಸಂಘದ ಪದಾಧಿಕಾರಿಗಳು ಬದಲಾದರೆ ಬಾಯಿಮಾತು ನಿಲ್ಲುವುದಿಲ್ಲ. ಗೂಗಲ್ ಫಾರ್ಮ್ ಮಾಡಿ ವಾಟ್ಸಾಪ್ ಗುಂಪುಗಳಿಗೆ ತಳ್ಳುವುದನ್ನೇ ನಂಬಿದ ವಿಷಯ ಬೇಡವೇ ಬೇಡ. ನಿಮ್ಮ ಮೇಲಿನ ಪ್ರೀತಿಗೆ ಸುಮ್ನೆ ಟಿಕ್ ಮಾಡಿದ ಉತ್ತರಗಳಿಂದ ಏನೂ ತಿಳಿಯುವುದಿಲ್ಲ. ದುಡ್ಡು ಕೊಟ್ಟರೆ ರೆಡಿ ಸಿನಾಪ್ಸಿಸ್ ಕೊಡುವವರ ಹತ್ತಿರವೂ ಹೋಗಬೇಡಿ. ವೈವಾದಲ್ಲಿ, ಅಂದರೆ ಕೊನೆಯ ಮೌಖಿಕ ಪರೀಕ್ಷೆಯಲ್ಲಿ, ಉತ್ತರ ಹೇಳಬೇಕಾದವರು ನೀವು.

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದ ಪ್ರಕಾರ ಪಿಎಚ್‌ಡಿಯ ಅವಧಿ ಕನಿಷ್ಠ 3 ವರ್ಷ, ಸಾಮಾನ್ಯವಾಗಿ ಗರಿಷ್ಠ 6 ವರ್ಷ. ನಿಮ್ಮ ಪ್ರಶ್ನೆ 3 ವರ್ಷದಲ್ಲಿ ಮುಗಿಯುವಷ್ಟು ಚಿಕ್ಕದಿರಲಿ, ಉಳಿದ ಸಮಯ ಬರವಣಿಗೆಗೆ ಮತ್ತು ತಿದ್ದುವುದಕ್ಕೆ ಬೇಕಾಗುತ್ತದೆ.

ಕೊನೆಗೆ ಪ್ರಶ್ನೆ, ಸಾಮಗ್ರಿ, ವಿಧಾನ ಮೂರನ್ನೂ ಒಂದೇ ಪುಟದಲ್ಲಿ ಬರೆದು ಗೈಡ್ ಹತ್ತಿರ ಹೋಗಿ. ಒಬ್ಬ ಪ್ರೊಫೆಸರ್ ಒಂದು ಸಮಯದಲ್ಲಿ 8ಕ್ಕಿಂತ ಜಾಸ್ತಿ ಪಿಎಚ್‌ಡಿ ವಿದ್ಯಾರ್ಥಿಗಳನ್ನು ಇಟ್ಟುಕೊಳ್ಳುವಂತಿಲ್ಲ. ಜಾಗ ಖಾಲಿ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ.