ಲೈನರ್‌ಗೆ ತುಂಬಿದ ನಂತರವೇ ಗ್ಲಾಸ್ ವೂಲ್ ಸಿಲನೈಸ್ ಮಾಡುವುದು: ನನ್ನ ಅನುಭವ

ಕೀಟನಾಶಕಗಳ ಗ್ಯಾಸ್ ಕ್ರೊಮ್ಯಾಟೋಗ್ರಫಿಗೆ ಬೇಕಾದ ಲೈನರ್‌ಗಳನ್ನು (ಚುಚ್ಚಿದ ಮಾದರಿ ಆವಿಯಾಗುವ ಗಾಜಿನ ಕೊಳವೆಗಳು) ನಾನೇ ತಯಾರಿಸುತ್ತೇನೆಂದಾಗ, ಬಿಸಿ ಲೈನರಿನಲ್ಲಿ ಸುಲಭವಾಗಿ ವಿಘಟಿಸುವ ಕೀಟನಾಶಕವಾದ ಎಂಡ್ರಿನ್ ಇರುವ ಕೆಲಸಕ್ಕೆ ಕಾರ್ಖಾನೆಯ ಲೈನರೇ ಬೇಕೆಂದು ಸಹೋದ್ಯೋಗಿಗಳು ತಲೆಯಾಡಿಸಿದ್ದರು. ಈಗ ನಮ್ಮ ಉಪಕರಣದಲ್ಲಿ ಎಂಡ್ರಿನ್ ವಿಘಟನೆ ಶೇಕಡ 4ರ ಆಸುಪಾಸಿನಲ್ಲಿದ್ದು, ಡಿಡಿಟಿಯದು ಅದಕ್ಕಿಂತಲೂ ಕಡಿಮೆಯಿದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 8081 ವಿಧಾನದಲ್ಲಿ ಇವೆರಡಕ್ಕೂ ತಲಾ ಶೇಕಡ 15ರ ಮಿತಿಯಿದೆ. ಅಂದು ಅನುಮಾನಪಟ್ಟವರೇ ಇಂದು ನನ್ನ ಡ್ರಾಯರಿನಿಂದ ಲೈನರ್ ಕೇಳಿ ಒಯ್ಯುತ್ತಾರೆ.

ಲೈನರಿನೊಳಗೆ ಗ್ಲಾಸ್ ವೂಲ್, ಅಂದರೆ ಗಾಜಿನ ನವಿರು ಎಳೆಗಳ ಮುದ್ದೆ ಇರುತ್ತದೆ. ಸಿಲನೈಸ್ ಮಾಡಿದ (ಸಿಲೇನ್ ಲೇಪಿಸಿ ಮೇಲ್ಮೈಯನ್ನು ನಿಷ್ಕ್ರಿಯಗೊಳಿಸಿದ) ವೂಲನ್ನು ಬಾಟಲಿಯಲ್ಲಿ ಕೊಂಡು ತುಂಬುವುದು ಎಲ್ಲರೂ ಹಿಡಿಯುವ ದಾರಿ. ಅದರಲ್ಲಿ ವಿಘಟನೆ ಶೇಕಡ 20ಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಚಿಮುಟದಿಂದ ಎಳೆದು ಕಡ್ಡಿಯಿಂದ ಒತ್ತುವಾಗ ಎಳೆಗಳು ಮುರಿಯುತ್ತವೆ. ಮುರಿದ ಪ್ರತಿ ತುದಿಯಲ್ಲೂ ಯಾವ ಲೇಪನವೂ ತಾಗದ ಸಿಲನಾಲ್ (ಗಾಜಿನ ಮೇಲ್ಮೈಯ ಕ್ರಿಯಾಶೀಲ ಗುಂಪು) ತೆರೆದುಕೊಂಡು ಎಂಡ್ರಿನನ್ನು ಒಡೆಯುತ್ತದೆ. ಕ್ವಾರ್ಟ್ಸ್ ವೂಲ್ ಸ್ವಲ್ಪ ಮೇಲೆನಿಸಿದರೂ ಅದು ಇನ್ನಷ್ಟು ಪೆಡಸು, ಬೆಲೆಯೂ ಹೆಚ್ಚು. ವೂಲನ್ನೇ ತೆಗೆದುಹಾಕಿ ನೋಡಿದಾಗ ಎಂಡ್ರಿನ್ ಚೆನ್ನಾಗಿ ಬಂದಿತು, ಆದರೆ ಒಂದೇ ಮಾದರಿಯನ್ನು ಮತ್ತೆ ಮತ್ತೆ ಚುಚ್ಚಿದಾಗ ಪೀಕ್ ಏರಿಯಾದಲ್ಲಿ ಕಾಣುವ ಏರುಪೇರು ಶೇಕಡ 2ರಿಂದ 8 ಅಥವಾ 9ಕ್ಕೆ ಏರಿತು. ಜೊತೆಗೆ ಮಾದರಿಯ ಜಿಡ್ಡೆಲ್ಲ ನೇರವಾಗಿ ಕಾಲಮ್ಮಿನ (ಘಟಕಗಳನ್ನು ಬೇರ್ಪಡಿಸುವ ಉದ್ದನೆಯ ಕೊಳವೆ) ತಲೆಗೆ ಸೇರಿ, ಅದನ್ನು ಮತ್ತೆ ಮತ್ತೆ ಕತ್ತರಿಸಬೇಕಾಯಿತು. ಲೈನರಿನಲ್ಲಿ ಉಳಿಸಿದ್ದಕ್ಕಿಂತ ಹೆಚ್ಚಿನ ಹಣ ಕಾಲಮ್ಮಿಗೆ ಹೋದರೆ ಆ ಉಳಿತಾಯಕ್ಕೆ ಅರ್ಥವಿಲ್ಲ.

ಹೀಗಾಗಿ ಕ್ರಮವನ್ನೇ ತಿರುಗಿಸಿದೆ. ಸಾಧಾರಣ ಬೋರೋಸಿಲಿಕೇಟ್ ವೂಲನ್ನು 4 ಮಿಲಿಮೀಟರ್ ಲೈನರ್‌ಗೆ ಸುಮಾರು 10 ಮಿಲಿಗ್ರಾಂನಷ್ಟು, ಸೂಜಿಯ ತುದಿ ಅದರ ಮೇಲ್ಭಾಗಕ್ಕೆ ತಾಗುವಂತೆ ಸಡಿಲವಾಗಿ ತುಂಬಿ, ಲೈನರನ್ನು ಇಡಿಯಾಗಿ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ, ನೀರು, ಮೆಥನಾಲ್‌ಗಳಲ್ಲಿ ತೊಳೆದು 120 ಡಿಗ್ರಿಯಲ್ಲಿ ಒಣಗಿಸುತ್ತೇನೆ. ಡೆಸಿಕೇಟರಿನಲ್ಲಿ ತಣಿದ ಮೇಲೆ, ಒಣ ಟಾಲ್ಯೂಯಿನ್‌ನಲ್ಲಿ ಶೇಕಡ 5ರಷ್ಟು ಡೈಮಿಥೈಲ್ ಡೈಕ್ಲೋರೋಸಿಲೇನ್ ಬೆರೆಸಿದ ದ್ರಾವಣದಲ್ಲಿ ಅರ್ಧ ಗಂಟೆ ಮುಳುಗಿಸಿ, ಎರಡು ಬಾರಿ ಹೊಸ ಟಾಲ್ಯೂಯಿನ್‌ನಲ್ಲಿ ಜಾಲಾಡಿ, ಕಾಲು ಗಂಟೆ ಮೆಥನಾಲ್‌ನಲ್ಲಿಟ್ಟು, ನೈಟ್ರೋಜನ್ ಹಾಯಿಸಿ ಒಣಗಿಸಬೇಕು. ಈ ಕೊನೆಯ ಮೆಥನಾಲನ್ನು ಹಲವರು ಬರಿಯ ತೊಳೆತವೆಂದು ಅವಸರದಲ್ಲಿ ಮುಗಿಸುತ್ತಾರೆ. ಸಿಲಿಕಾನ್‌ಗೆ ಅಂಟಿ ಉಳಿದ ಕ್ಲೋರಿನ್ ಮೆಥಾಕ್ಸಿಯಾಗಿ ಬದಲಾಗದಿದ್ದರೆ, ಗಾಳಿಯ ತೇವ ತಾಗಿದೊಡನೆ ಅದು ಪುನಃ ಸಿಲನಾಲ್ ಆಗುತ್ತದೆ. ಹೈಡ್ರೋಜನ್ ಕ್ಲೋರೈಡ್ ಹೊಮ್ಮುವುದರಿಂದ ಇದೆಲ್ಲ ಫ್ಯೂಮ್ ಹುಡ್ಡಿನೊಳಗೇ ಆಗಬೇಕೆಂದು ಬಲ್ಲವರಿಗೆ ಹೇಳಬೇಕಿಲ್ಲ. ವೂಲನ್ನು ಹೆಚ್ಚು ಮುರಿಯದೆ ಒಳಗೆ ಸೇರಿಸುವ ಕೈಚಳಕವನ್ನೂ ಟಾಲ್ಯೂಯಿನ್ ಒಣಗಿಸುವ ನನ್ನ ರೀತಿಯನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಉಳಿದ ದ್ರಾವಣದಲ್ಲಿ ಸಡಿಲ ವೂಲನ್ನೂ ಅದ್ದಿ ಬೇರೆ ಕಡೆ ಬಳಸಿ ನೋಡಿದೆ. ಸಾರದ ತೇವ ಹೀರಲು ಸೋಡಿಯಂ ಸಲ್ಫೇಟ್ ತುಂಬಿದ ಆಲಿಕೆಯ ತಳಕ್ಕೆ ಇಟ್ಟಾಗ, ಅತ್ಯಲ್ಪ ಪ್ರಮಾಣದ ಫೀನಾಲ್ ಮತ್ತು ಅಮೀನ್‌ಗಳ ಗಳಿಕೆ (ಕಳೆದುಹೋಗದೆ ಮರಳಿ ಸಿಗುವ ಪಾಲು) ಕಣ್ಣಿಗೆ ಕಾಣುವಷ್ಟು ಸುಧಾರಿಸಿತು. ಹೈಡ್ರೋಕಾರ್ಬನ್‌ಗಳಿಗೆ ಏನೂ ವ್ಯತ್ಯಾಸವಾಗಲಿಲ್ಲ, ಅಲ್ಲಿ ದ್ರಾವಕದಿಂದ ತೊಳೆದ ಸಾದಾ ವೂಲೇ ಸಾಕು. ಹತ್ತಿಯನ್ನು ಮಾತ್ರ ಹಾಕಬಾರದು, ಅದರಿಂದಿಳಿಯುವ ಮೇಣದಂಥ ಅಂಶ ಕ್ರೊಮ್ಯಾಟೋಗ್ರಾಮಿನಲ್ಲಿ ಗುಡ್ಡವಾಗಿ ನಿಲ್ಲುತ್ತದೆ. 2,4-ಡೈನೈಟ್ರೋಫೀನಾಲ್ ಇನ್ನೂ ಪೂರ್ಣವಾಗಿ ಹಿಡಿತಕ್ಕೆ ಬಂದಿಲ್ಲ. ವೂಲ್ ಅರ್ಧಕ್ಕಿಳಿಸಿದರೆ ಅದರ ಟೇಲಿಂಗ್ (ಪೀಕ್ ಹಿಂದೆ ಬಾಲದಂತೆ ಎಳೆಯುವುದು) ತಗ್ಗುತ್ತದೆ, ಆದರೆ ಕೊಳೆ ತಡೆಯುವ ಶಕ್ತಿಯೂ ತಗ್ಗುತ್ತದೆ.

ಹಳೆಯ ಲೈನರ್‌ಗಳನ್ನೇ ತೊಳೆದು ಮತ್ತೆ ತುಂಬುವುದರಿಂದ, ಸಿದ್ಧ ಲೈನರ್ ಒಂದರ ಬೆಲೆಯಲ್ಲಿ ನನಗೆ ಹದಿನೈದರಷ್ಟು ಆಗುತ್ತವೆ. ನನ್ನ ಸಮಯದ ಲೆಕ್ಕ ಹಿಡಿದರೆ ಏಳೆಂಟು ಎನ್ನಬಹುದು. ಒಮ್ಮೆಗೆ ಒಂದು ಬೀಕರಿನಷ್ಟು ಮಾಡಿದರೆ ಮಾತ್ರ ಈ ಲೆಕ್ಕ ಕೂಡುತ್ತದೆ. ಜಿಡ್ಡಿನ ಮಾದರಿಗಳಲ್ಲಿ ಒಂದು ಲೈನರ್ ಅರುವತ್ತು ಎಪ್ಪತ್ತು ಇಂಜೆಕ್ಷನ್ ಬಾಳುತ್ತದೆ, ಶುದ್ಧ ನೀರಿನ ಸಾರಗಳಲ್ಲಿ ಅದರ ದುಪ್ಪಟ್ಟು. ಎಂಡ್ರಿನ್ ವಿಘಟನೆ ಶೇಕಡ 10 ದಾಟಿತೆಂದರೆ, 15ಕ್ಕೆ ಕಾಯದೆ ನಾನು ಬದಲಿಸಿಬಿಡುತ್ತೇನೆ.